ಎಲ್ ನಿನೊ ಬಂದರೆ ಫಿಜಿಯಲ್ಲಿ ಮಳೆಯೇ ಬರಲ್ವಾ?

ಪ್ರಶ್ನೆ: ಸರ್, ನಮ್ಮೂರು ಚಿತ್ರದುರ್ಗದ ಹತ್ತಿರ. ಗಂಡನ ಕೆಲಸದ ಸಲುವಾಗಿ ಮೂರು ವರ್ಷದಿಂದ ಫಿಜಿಯ ನಾಂದಿಯಲ್ಲಿದ್ದೇವೆ. ಪೇಟೆಯಿಂದ ಹೊರಗೆ, ಕಬ್ಬಿನ ಹೊಲಗಳ ಮಧ್ಯೆ ತಗಡಿನ ಛಾವಣಿಯ ಬಾಡಿಗೆ ಮನೆ. ಹಿತ್ತಲಲ್ಲಿ ಬೆಂಡೆ, ಬದನೆ, ಅಲಸಂದೆ ಬೆಳೆದುಕೊಳ್ಳುತ್ತೇನೆ. ಈ ಸಲದ ಮುನ್ಸೂಚನೆಯಲ್ಲಿ ಎಲ್ ನಿನೊ (ಪೆಸಿಫಿಕ್ ಸಮುದ್ರದ ನಡುಭಾಗದ ನೀರು ವಾಡಿಕೆಗಿಂತ ಬೆಚ್ಚಗಾಗುವುದು) ಬರುವ ಲಕ್ಷಣ ಇದೆ ಎಂದಿದ್ದಾರೆ. ನವೆಂಬರ್‌ನಿಂದ ಜನವರಿವರೆಗೆ ವಾಡಿಕೆಗಿಂತ ಕಡಿಮೆ ಮಳೆಯ ಸಾಧ್ಯತೆ ಶೇ. 50, ವಾಡಿಕೆಯಷ್ಟು ಮಳೆಗೆ ಶೇ. 30, ಜಾಸ್ತಿ ಮಳೆಗೆ ಶೇ. 20 ಅಂತ ಇದೆ. ಮನೆ ಮಾಲೀಕರು (ಕಾಕಾ ಅಂತ ಕರೀತೀವಿ) ಕಬ್ಬಿನ ರೈತರು. ‘97ರಲ್ಲಿ ಒಣಗಿದ ಹಾಗೆ ಒಣಗುತ್ತೆ, ತರಕಾರಿ ಹಾಕಬೇಡ, ದೊಡ್ಡ ಟ್ಯಾಂಕ್ ಕೂರಿಸು’ ಅಂತಾರೆ. ಪಕ್ಕದ ಮನೆಯವರು ‘ಎಲ್ ನಿನೊ ವರ್ಷ ಚಂಡಮಾರುತ ಬರಲ್ಲ, ಅದೊಂದು ನೆಮ್ಮದಿ’ ಅಂತಾರೆ. ನಮ್ಮ ಯಜಮಾನರಿಗೆ ಮುನ್ಸೂಚನೆ ಮೇಲೆ ನಂಬಿಕೆಯೇ ಇಲ್ಲ. ಹಿಂದೊಮ್ಮೆ ಕಡಿಮೆ ಮಳೆ ಅಂದಾಗಲೇ ಮನೆ ಮುಂದಿನ ರಸ್ತೆ ಮುಳುಗಿತ್ತು. ಫೆಬ್ರವರಿಯಲ್ಲಿ ಅಪ್ಪ ಅಮ್ಮನನ್ನು ಕರೆಸಿಕೊಳ್ಳೋಣ ಅಂತಿದ್ದೇವೆ, ಟಿಕೆಟ್ ಇನ್ನೂ ಮಾಡಿಸಿಲ್ಲ. ಯಾರ ಮಾತು ನಂಬಬೇಕು? 10,000 ಲೀಟರ್ ಟ್ಯಾಂಕ್ ಬೇಕಾ?

ಉತ್ತರ: ನಿಮ್ಮ ಪತ್ರದಲ್ಲಿ ಮೂವರು ಮೂರು ಮಾತು ಹೇಳಿದ್ದಾರೆ. ಮೂರರಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ, ಕಾಕಾ ಅವರದರಲ್ಲಿ ಜಾಸ್ತಿ. ನೀವು ಕೇಳುತ್ತಿರುವುದು ಒಂದೇ ಪ್ರಶ್ನೆ ಅನಿಸಿದರೂ ಅದರಲ್ಲಿ ಎರಡಿವೆ. ಮೂರು ತಿಂಗಳಲ್ಲಿ ಒಟ್ಟು ಎಷ್ಟು ಮಳೆ ಬರುತ್ತದೆ ಎನ್ನುವುದು ಒಂದು. ಯಾವ ದಿನ ಎಷ್ಟು ಸುರಿಯುತ್ತದೆ ಎನ್ನುವುದು ಇನ್ನೊಂದು. ನಿಮ್ಮ ಕೈಯಲ್ಲಿರುವ ಮುನ್ಸೂಚನೆ ಮೊದಲನೆಯದರ ಬಗ್ಗೆ ಮಾತ್ರ ಮಾತಾಡುತ್ತದೆ. ಎರಡನೆಯದರ ಬಗ್ಗೆ ಅದು ತುಟಿ ಬಿಚ್ಚಿಲ್ಲ.

ಮೊದಲು ಆ 50-30-20ರ ಲೆಕ್ಕ. ನಾಂದಿಯಲ್ಲೇ ಇರುವ ಫಿಜಿ ಹವಾಮಾನ ಸೇವೆಯವರು ಹಿಂದಿನ ಸುಮಾರು 30 ವರ್ಷಗಳ ಅದೇ ಮೂರು ತಿಂಗಳ ಮಳೆ ತೆಗೆದುಕೊಳ್ಳುತ್ತಾರೆ. ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಜೋಡಿಸುತ್ತಾರೆ. ಕೆಳಗಿನ ಹತ್ತು ವರ್ಷ ‘ವಾಡಿಕೆಗಿಂತ ಕಡಿಮೆ’, ನಡುವಿನ ಹತ್ತು ‘ವಾಡಿಕೆ’, ಮೇಲಿನ ಹತ್ತು ‘ಜಾಸ್ತಿ’. ಸಮುದ್ರದ ಬಗ್ಗೆ ಏನೂ ಗೊತ್ತಿಲ್ಲದಿದ್ದರೆ ಮೂರಕ್ಕೂ ಶೇ. 33 ಅನ್ನಬೇಕಾಗುತ್ತದೆ. ಈಗ ಕಡಿಮೆ ಮಳೆಯ ಪಾಲು 33ರಿಂದ 50ಕ್ಕೆ ಏರಿದೆ, ಜಾಸ್ತಿ ಮಳೆಯ ಪಾಲು 20ಕ್ಕೆ ಇಳಿದಿದೆ. ಅಷ್ಟೇ ವಿಷಯ. ಇಂಥದ್ದೇ ಮಾತನ್ನು ಹತ್ತು ವರ್ಷ ಹೇಳಿದರೆ ಅದರಲ್ಲಿ ಸರಾಸರಿ ಎರಡು ವರ್ಷ ಮಳೆ ಜಾಸ್ತಿಯೇ ಆಗಬೇಕು. ಬಹಳ ವರ್ಷ ನೋಡಿದರೂ ಹಾಗೆ ಆಗದಿದ್ದರೆ ಮುನ್ಸೂಚನೆಯ ಲೆಕ್ಕದಲ್ಲೇ ಏನೋ ತಪ್ಪಿದೆ ಎಂದರ್ಥ. ಹಾಗಾಗಿ ಒಂದು ಸಲ ರಸ್ತೆ ಮುಳುಗಿತು ಅಂತ ಇದನ್ನು ಸುಳ್ಳು ಅನ್ನಲಾಗದು. ಒಂದು ಸಲ ಒಣಗಿತು ಅಂತ ಹೊಗಳಲೂ ಆಗದು.

ಇನ್ನೊಂದು ಸಂಗತಿ ಜನ ಗಮನಿಸುವುದಿಲ್ಲ. ‘ಕಡಿಮೆ’ ಅಂದರೆ ಎಷ್ಟು ಕಡಿಮೆ ಎಂದು ಈ ಪಟ್ಟಿ ಹೇಳುವುದಿಲ್ಲ. ನಾಂದಿಗೆ ನವೆಂಬರ್‌ನಿಂದ ಜನವರಿವರೆಗೆ ವಾಡಿಕೆ ಮಳೆ 600 ಮಿ.ಮೀ. ಆಸುಪಾಸು. ನಿಮ್ಮ ಚಿತ್ರದುರ್ಗಕ್ಕೆ ಹೆಚ್ಚೂಕಡಿಮೆ ವರ್ಷಪೂರ್ತಿ ಬೀಳುವಷ್ಟು. ಅದರಲ್ಲಿ ಕಾಲು ಭಾಗ ಖೋತಾ ಆದರೂ 450 ಮಿ.ಮೀ. ಉಳಿಯಿತು. ಚಿತ್ರದುರ್ಗದ ಲೆಕ್ಕದಲ್ಲಿ ಅದನ್ನು ಬರ ಅನ್ನುವುದಿಲ್ಲ, ಅಲ್ವಾ? ಆದರೆ ಅದೇ ಮಳೆಗೆ ಹೊಂದಿಕೊಂಡ ಕಬ್ಬಿಗೆ, ಅದನ್ನೇ ನಂಬಿದ ಹಳ್ಳಗಳಿಗೆ ಅದು ದೊಡ್ಡ ಪೆಟ್ಟು. ನಿಮ್ಮ ಯಜಮಾನರು ಹೇಳುವ ಆ ಮುಳುಗಿದ ರಸ್ತೆಯ ವಿಷಯವೂ ಇಲ್ಲೇ ಇದೆ. ಎರಡು ದಿನದಲ್ಲಿ 200 ಮಿ.ಮೀ. ಸುರಿದು ಊರು ಮುಳುಗಿಸಿ, ಉಳಿದ ವಾರಗಳು ಬರೀ ಬಿಸಿಲು ಕಾಯ್ದರೆ ಮೂರು ತಿಂಗಳ ಮೊತ್ತ ವಾಡಿಕೆಗಿಂತ ಕಡಿಮೆಯೇ ಇರುತ್ತದೆ. ಮುನ್ಸೂಚನೆಯೂ ನಿಜ, ಮುಳುಗಿದ್ದೂ ನಿಜ.

ಇನ್ನು ಎಲ್ ನಿನೊಗೂ ನಿಮ್ಮ ಹಿತ್ತಲಿಗೂ ಏನು ಸಂಬಂಧ? ಪೆಸಿಫಿಕ್ ಮೇಲೆ ಸಾಧಾರಣವಾಗಿ ಪೂರ್ವದಿಂದ ಪಶ್ಚಿಮಕ್ಕೆ ವಾಣಿಜ್ಯ ಮಾರುತ ಬೀಸುತ್ತಲೇ ಇರುತ್ತದೆ. ಅದು ಬೆಚ್ಚನೆ ನೀರನ್ನು ಇಂಡೊನೇಷ್ಯಾ, ಪಪುವಾ ನ್ಯೂಗಿನಿ ಕಡೆಗೆ ತಳ್ಳಿ ಗುಡ್ಡೆ ಹಾಕುತ್ತದೆ. ನೀರು ಎಲ್ಲಿ ಬೆಚ್ಚಗಿದೆಯೋ ಮೋಡ ಅಲ್ಲಿ. ಸಾಲೊಮನ್ ದ್ವೀಪಗಳ ಕಡೆಯಿಂದ ಹೊರಟು ವನುವಾಟು, ಫಿಜಿ, ಸಮೋವಾ, ಟೋಂಗಾ ಸುತ್ತಮುತ್ತ ಹಾದು ಆಗ್ನೇಯಕ್ಕೆ ಚಾಚಿಕೊಂಡಿರುವ ಉದ್ದನೆಯ ಮೋಡದ ಪಟ್ಟಿ ಒಂದಿದೆ. ದಕ್ಷಿಣ ಪೆಸಿಫಿಕ್ ಸಂಗಮ ವಲಯ ಎನ್ನುತ್ತೇವೆ. ಫಿಜಿಯ ಮಳೆಗಾಲದ ದೊಡ್ಡ ಮಳೆಯೆಲ್ಲ ಹೆಚ್ಚಾಗಿ ಇದರದ್ದೇ ಕೊಡುಗೆ. ಎಲ್ ನಿನೊ ಬಂದಾಗ ಮಾರುತ ಸೊರಗುತ್ತದೆ. ಬೆಚ್ಚನೆ ನೀರು ಪೂರ್ವಕ್ಕೆ ಜಾರುತ್ತದೆ. ಮೋಡದ ಪಟ್ಟಿ ಈಶಾನ್ಯಕ್ಕೆ, ಸಮಭಾಜಕ ವೃತ್ತದ ಕಡೆಗೆ ಸರಿಯುತ್ತದೆ. ಫಿಜಿ ಅದರ ದಕ್ಷಿಣಕ್ಕೆ ಒಣ ಗಾಳಿಯಲ್ಲಿ ಉಳಿದುಬಿಡುತ್ತದೆ. ಇದರ ತಿರುವುಮುರುವಾದ ಲಾ ನಿನಾದಲ್ಲಿ ಪಟ್ಟಿ ನೈರುತ್ಯಕ್ಕೆ ಇಳಿಯುತ್ತದೆ, ಫಿಜಿಗೆ ಮಳೆ ಜಾಸ್ತಿ.

ಹಾಗಂತ ಎಲ್ ನಿನೊ ಎಂದರೆ ಎಲ್ಲ ಕಡೆಯೂ ಬರ ಅಲ್ಲ. ನಿಮ್ಮ ಉತ್ತರಕ್ಕೆ, ಸಮಭಾಜಕದ ಹತ್ತಿರ ಇರುವ ಕಿರಿಬಾಸ್ ದೇಶದ ತರಾವ ದ್ವೀಪದಲ್ಲಿ ಇದೇ ಎಲ್ ನಿನೊ ಧಾರಾಕಾರ ಮಳೆ ತರುತ್ತದೆ. ಅಲ್ಲಿಯವರು ಹೆದರುವುದು ಲಾ ನಿನಾಗೆ. ನಮ್ಮ ನಾಡಿನಲ್ಲೂ ಇದು ನೇರ ಲೆಕ್ಕ ಅಲ್ಲ. 1997ರ ಎಲ್ ನಿನೊ ಭಾರೀ ಇತ್ತು, ಆದರೂ ಆ ವರ್ಷ ಭಾರತದ ಮುಂಗಾರು ಒಟ್ಟಾರೆ ವಾಡಿಕೆ ಮಟ್ಟದಲ್ಲೇ ಆಯಿತು. 2023ರ ಎಲ್ ನಿನೊ ವರ್ಷ ಕರ್ನಾಟಕದ ಬಹುತೇಕ ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಬೇಕಾಯಿತು. ಊರ ಕಡೆಯ ಟಿವಿ ನೋಡಿಕೊಂಡು ನಾಂದಿಯ ಹಿತ್ತಲಿನ ತೀರ್ಮಾನ ಮಾಡಬೇಡಿ.

ಕಾಕಾ ಅವರ ಹೆದರಿಕೆಗೆ ಗಟ್ಟಿ ಕಾರಣ ಇದೆ. 1997-98ರ ಬರಗಾಲ ಫಿಜಿಯ ಕಬ್ಬಿನ ಸೀಮೆಯನ್ನು ಹಿಂಡಿಬಿಟ್ಟಿತು. ಇಳುವರಿ ನೆಲಕಚ್ಚಿತು, ಪಶ್ಚಿಮದ ಹಳ್ಳಿಗಳಿಗೆ ನೀರನ್ನೂ ದಿನಸಿಯನ್ನೂ ಹೊರಗಿನಿಂದ ಸಾಗಿಸಬೇಕಾಯಿತು. ಅವರಿರುವ ಜಾಗವೂ ಹಾಗೇ ಇದೆ. ನೀವಿರುವ ವಿತಿ ಲೇವು ದ್ವೀಪದ ನಡುವೆ ಬೆಟ್ಟ ಸಾಲು ಇದೆ, ಅತಿ ಎತ್ತರದ ತೋಮನಿವಿ ಶಿಖರ 1,324 ಮೀಟರ್. ಮಾರುತ ಬೀಸುವುದು ಆಗ್ನೇಯದಿಂದ. ಆ ಬದಿಯಲ್ಲಿರುವ ರಾಜಧಾನಿ ಸುವಾಕ್ಕೆ ವರ್ಷಕ್ಕೆ 3,000 ಮಿ.ಮೀ. ಆಸುಪಾಸು ಮಳೆ. ಬೆಟ್ಟದ ಈಚೆಯ ನಾಂದಿ, ಲೌಟೋಕಾಗಳಿಗೆ 1,800-1,900. ಆಗುಂಬೆಗೂ ನಿಮ್ಮ ದುರ್ಗಕ್ಕೂ ಇರುವ ವ್ಯವಹಾರವೇ ಇದು, ದಿಕ್ಕು ಮಾತ್ರ ತಿರುವುಮುರುವು, ಅಂತರ ಅಷ್ಟೊಂದು ದೊಡ್ಡದಲ್ಲ. ಕಬ್ಬಿಗೆ ಮಾಗುವಾಗ ಒಣ ಹವೆ ಬೇಕು, ಸಕ್ಕರೆ ಅಂಶ ಏರುತ್ತದೆ. ಕಬ್ಬಿನ ಸೀಮೆ ಈ ಒಣ ಬದಿಯಲ್ಲೇ ಬೆಳೆದದ್ದು ಅದಕ್ಕೆ. 1879ರಿಂದ 1916ರವರೆಗೆ ಕರಾರು ಕೂಲಿಗಳಾಗಿ ಹಡಗು ಹತ್ತಿ ಬಂದ ಭಾರತೀಯರಲ್ಲಿ ಬಹಳ ಮಂದಿ ಬೆವರು ಸುರಿಸಿದ್ದೂ ಈ ಹೊಲಗಳಲ್ಲೇ. ಆದರೆ ಬೆಳೆಯುವ ತಿಂಗಳುಗಳಲ್ಲಿ ಮಳೆ ಕೈಕೊಟ್ಟರೆ ಕೂಳೆ ಕಬ್ಬು ಗಿಡ್ಡಗಾಗಿ ನಿಂತುಬಿಡುತ್ತದೆ. ಕಾಕಾ ಕಂಡಿದ್ದು ಅದನ್ನೇ.

ಅವರ ಮಾತಿನಲ್ಲಿ ನಾನು ಒಪ್ಪದ್ದು ‘97ರ ಹಾಗೆ’ ಅನ್ನುವುದನ್ನು ಮಾತ್ರ. 97ರದ್ದು ಕಳೆದ ಶತಮಾನದ ಅತಿ ಬಲವಾದ ಎಲ್ ನಿನೊಗಳಲ್ಲಿ ಒಂದು. ಎಲ್ಲ ಎಲ್ ನಿನೊಗಳೂ ಆ ಗಾತ್ರದವಲ್ಲ. ಈಗ ಹೇಳಿರುವುದು ಬರುವ ಲಕ್ಷಣ ಮಾತ್ರ. ಸಮುದ್ರದ ನಡುಭಾಗದ ನೀರು ವಾಡಿಕೆಗಿಂತ ಎಷ್ಟು ಬೆಚ್ಚಗಾದರೆ ಎಲ್ ನಿನೊ ಅನ್ನಬೇಕು ಎನ್ನುವುದರಲ್ಲೇ ಒಮ್ಮತ ಇಲ್ಲ. ಅಮೆರಿಕದವರು ಅರ್ಧ ಡಿಗ್ರಿ ಸಾಕು ಅಂತಾರೆ, ಆಸ್ಟ್ರೇಲಿಯಾದವರು 0.8 ಡಿಗ್ರಿ ಅಂತ ಇಟ್ಟುಕೊಂಡಿದ್ದರು. ಒಬ್ಬರು ಘೋಷಿಸಿ ಇನ್ನೊಬ್ಬರು ಸುಮ್ಮನಿದ್ದರೆ ಗಾಬರಿಯಾಗಬೇಡಿ. ಮಾರ್ಚ್-ಮೇ ಸುಮಾರಿಗೆ ಹೇಳುವ ಎಲ್ ನಿನೊ ಭವಿಷ್ಯಕ್ಕೆ ನಾನಂತೂ ಜಾಸ್ತಿ ಬೆಲೆ ಕೊಡುವುದಿಲ್ಲ. ಆ ಹೊತ್ತಿನಲ್ಲಿ ಸಮುದ್ರವೇ ಹೊರಳು ಹಾದಿಯಲ್ಲಿರುತ್ತದೆ. ಸೆಪ್ಟೆಂಬರ್-ಅಕ್ಟೋಬರ್‌ಗೆ ಬಂದಾಗಲೂ ಅದೇ ಮಾತು ನಿಂತಿದ್ದರೆ ಆಗ ನಂಬಬಹುದು.

ಪಕ್ಕದ ಮನೆಯವರ ಮಾತು ಮಾತ್ರ ಅಪಾಯದ್ದು. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಎಲ್ ನಿನೊದಲ್ಲಿ ಬೆಚ್ಚನೆ ನೀರು ಪೂರ್ವಕ್ಕೆ ಹರಡುವುದರಿಂದ ಚಂಡಮಾರುತಗಳು ಹುಟ್ಟುವ ಜಾಗವೂ ಪೂರ್ವಕ್ಕೆ ಚಾಚುತ್ತದೆ. ಕುಕ್ ದ್ವೀಪಗಳು, ಫ್ರೆಂಚ್ ಪಾಲಿನೇಷ್ಯಾದಂಥ ಕಡೆ ಅಪಾಯ ಏರುತ್ತದೆ. ಈ ಅರ್ಧ ಸತ್ಯದಿಂದಲೇ ‘ಫಿಜಿಗೆ ಬರಲ್ಲ’ ಎಂಬ ಮಾತು ಹುಟ್ಟಿರಬೇಕು. 2015-16ನ್ನು ನೋಡಿ. ಬಲವಾದ ಎಲ್ ನಿನೊ, ಫಿಜಿಯ ಪಶ್ಚಿಮ ಒಣಗಿ ಕೂತಿತ್ತು. 2016ರ ಫೆಬ್ರವರಿ 20ರಂದು ವಿನ್‌ಸ್ಟನ್ ಬಂತು. ಐದನೇ ದರ್ಜೆಯ, ಅಂದರೆ ಅತಿ ಬಲವಾದ ದರ್ಜೆಯ ಚಂಡಮಾರುತ. ಅದರ ದಾರಿಯೂ ವಿಚಿತ್ರ. ಟೋಂಗಾ ಕಡೆ ಹೋಗಿ, ಅಲ್ಲಿ ತಿರುಗಿ, ವಾಪಸ್ ಪಶ್ಚಿಮಕ್ಕೆ ಫಿಜಿಯ ಮೇಲೇ ಬಂತು. ವಿತಿ ಲೇವುವಿನ ಉತ್ತರ ತೀರದಲ್ಲಿ ರಾಕಿರಾಕಿ ಹತ್ತಿರ ಅಪ್ಪಳಿಸಿತು. 44 ಜನ ಸತ್ತರು. ರಾಕಿರಾಕಿಯ ಸಕ್ಕರೆ ಕಾರ್ಖಾನೆ ಆ ಪೆಟ್ಟಿನ ನಂತರ ಮತ್ತೆ ತೆರೆಯಲೇ ಇಲ್ಲ. ಇನ್ನು 2020ರ ಡಿಸೆಂಬರ್‌ನಲ್ಲಿ ಫಿಜಿಯ ಇನ್ನೊಂದು ದೊಡ್ಡ ದ್ವೀಪ ವನುವಾ ಲೇವುಗೆ ಬಡಿದ ಯಾಸ, ಅದೂ ಐದನೇ ದರ್ಜೆಯದೇ, ಬಂದದ್ದು ಲಾ ನಿನಾ ವರ್ಷದಲ್ಲಿ. ನಿಮ್ಮ ಮನೆಗೆ ಒಂದೇ ಒಂದು ಬಂದರೂ ಸಾಕು, ಆ ವರ್ಷ ಒಟ್ಟು ಎಷ್ಟು ಹುಟ್ಟಿದವು ಎಂಬ ಲೆಕ್ಕ ಯಾರಿಗೆ ಬೇಕು? ನವೆಂಬರ್‌ನಿಂದ ಏಪ್ರಿಲ್‌ವರೆಗೆ, ಯಾವ ವರ್ಷವೇ ಆಗಲಿ, ಚಂಡಮಾರುತದ ತಯಾರಿ ಇರಲೇಬೇಕು.

ಇದೆಲ್ಲ ಹವಾಮಾನ ಬದಲಾವಣೆಯಿಂದ ಆಗುತ್ತಿದೆಯಾ ಎಂದು ನೀವು ಕೇಳಿಲ್ಲ, ಆದರೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಎಲ್ ನಿನೊ ಮೊದಲಿನಿಂದಲೂ ಇದ್ದದ್ದೇ. ಸಮುದ್ರ ಏರುತ್ತಿರುವುದು ಖಚಿತ. ವನುವಾ ಲೇವುವಿನ ವುನಿದೊಂಗೊಲೋವ ಎಂಬ ಹಳ್ಳಿಯನ್ನು 2014ರಲ್ಲಿ ತೀರದಿಂದ ಒಳಗೆ ಸ್ಥಳಾಂತರಿಸಿಯೂ ಆಯಿತು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಜಾಸ್ತಿ ತೇವ ಹಿಡಿಯಬಲ್ಲದು, ಆದ್ದರಿಂದ ಸುರಿಯುವಾಗ ಜೋರಾಗಿ ಸುರಿಯುತ್ತದೆ. ಆದರೆ ಫಿಜಿಯ ವರ್ಷದ ಒಟ್ಟು ಮಳೆ ಮುಂದೆ ಏರುತ್ತದೋ ಇಳಿಯುತ್ತದೋ ಎಂದು ಯಾರಾದರೂ ಖಡಾಖಂಡಿತವಾಗಿ ಹೇಳಿದರೆ ನಂಬಬೇಡಿ. ನಾನು ಹೇಳಿದ ಆ ಮೋಡದ ಪಟ್ಟಿಯನ್ನು ಓರೆಯಾಗಿ ಇಡುವ ಬದಲು ಬಹಳಷ್ಟು ಕಂಪ್ಯೂಟರ್ ಮಾದರಿಗಳು ತೀರಾ ಅಡ್ಡವಾಗಿ ಮಲಗಿಸಿಬಿಡುತ್ತವೆ, ಹಾಗಾಗಿ ಫಿಜಿಯ ಮಳೆಯ ಬಗ್ಗೆ ಅವು ಹೇಳುವುದನ್ನು ಪೂರ್ತಿ ನಂಬಲಾಗದು.

ಈಗ ಟ್ಯಾಂಕ್ ವಿಷಯ. ಇಲ್ಲಿ ಲೆಕ್ಕ ಸುಲಭ, ನೀವೇ ಹಾಕಬಹುದು. ಒಂದು ಚದರ ಮೀಟರ್ ಛಾವಣಿ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮ ತಗಡು 100 ಚದರ ಮೀಟರ್ ಇದೆ ಅಂದುಕೊಳ್ಳೋಣ. ನಾಂದಿಯಲ್ಲಿ ವರ್ಷದ ಅತಿ ಒಣ ತಿಂಗಳು ಜುಲೈ, ವಾಡಿಕೆ ಮಳೆ 50 ಮಿ.ಮೀ. ಆಸುಪಾಸು. ಅಂದರೆ 5,000 ಲೀಟರ್. ಚೆಲ್ಲಿದ್ದು, ಆರಿದ್ದು ಕಳೆದರೆ 4,000 ಸಿಗುತ್ತದೆ. ಅದು ವಾಡಿಕೆ ವರ್ಷದ ಮಾತು. ಬರದ ವರ್ಷ ಅರ್ಧ ಅಂತ ಇಟ್ಟುಕೊಳ್ಳಿ.

ಖರ್ಚು? ಕುಡಿಯಲು, ಅಡುಗೆಗೆ, ಮಿತವಾಗಿ ಮೈ ತೊಳೆಯಲು ತಲೆಗೆ ದಿನಕ್ಕೆ 20 ಲೀಟರ್ ಹಿಡಿಯೋಣ. ಅಪ್ಪ ಅಮ್ಮನೂ ಸೇರಿ ಮನೆಯಲ್ಲಿ ಐದು ಜನ ಇದ್ದರೂ ದಿನಕ್ಕೆ 100 ಲೀಟರ್. 5,000 ಲೀಟರ್ ತುಂಬಿದ ಟ್ಯಾಂಕ್ ಇದ್ದರೆ ಒಂದು ಹನಿ ಮಳೆ ಬರದೆ, ನಲ್ಲಿಯೂ ಬರದೆ 50 ದಿನ ತಳ್ಳಬಹುದು. 10,000 ಇದ್ದರೆ 100 ದಿನ. ಟ್ಯಾಂಕಿನ ಗಾತ್ರ ತೀರ್ಮಾನಿಸಬೇಕಾದ್ದು ಮಳೆಯ ಮೊತ್ತ ಅಲ್ಲ. ಎರಡು ಮಳೆಗಳ ನಡುವೆ ಎಷ್ಟು ದಿನ ಬಿಡುವು ಬೀಳಬಹುದು, ಅಷ್ಟು ದಿನ ನಲ್ಲಿ ನಂಬಬಹುದಾ, ಅದು. ನಾಂದಿ, ಲೌಟೋಕಾಗೆ ನೀರು ಬರುವುದು ಹೆಚ್ಚಾಗಿ ವಾತುರು ಅಣೆಕಟ್ಟೆಯಿಂದ. ನಿಮ್ಮ ಬೀದಿಯಲ್ಲಿ ಒಣ ತಿಂಗಳುಗಳಲ್ಲಿ ನಲ್ಲಿ ಎಷ್ಟು ದಿನ ನಿಂತಿತ್ತು ಎಂದು ಕಾಕಾ ಅವರನ್ನೇ ಕೇಳಿ. ನನಗಿಂತ ಅವರಿಗೆ ಚೆನ್ನಾಗಿ ಗೊತ್ತು.

ನನ್ನ ಸಲಹೆ: 10,000ದ್ದು ಒಂದರ ಬದಲು 5,000ದ್ದು ಒಂದು ಈಗ ಕೂರಿಸಿ, ಬೇಕಾದರೆ ಆಮೇಲೆ ಇನ್ನೊಂದು. ಬಾಡಿಗೆ ಮನೆ, ನಾಳೆ ಸಾಗಿಸಬೇಕಾಗಬಹುದು. ಎರಡಿದ್ದರೆ ಒಂದರ ನೀರು ಕೆಟ್ಟರೂ ಇನ್ನೊಂದು ಇರುತ್ತದೆ. ಆದರೆ ತಡಮಾಡಬೇಡಿ. ಎಲ್ ನಿನೊದ ನಿಜವಾದ ಕಾಟ ಸಾಮಾನ್ಯವಾಗಿ ಮಳೆಗಾಲ ಸೊರಗಿದ ಮೇಲೆ, ಮೇ ತಿಂಗಳಿಂದ ಶುರುವಾಗುವ ಒಣಗಾಲದಲ್ಲಿ ತಿಳಿಯುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ನಾಂದಿಯ ವಾಡಿಕೆ ಮಳೆ 900 ಮಿ.ಮೀ. ಮೀರುತ್ತದೆ. ಸೊರಗಿದ ಮಳೆಗಾಲದಲ್ಲೂ ಟ್ಯಾಂಕ್ ತುಂಬಲು ಅದು ಧಾರಾಳ ಸಾಕು. ಬಾವಿ ತೋಡುವುದು ಬಾಯಾರಿದ ಮೇಲೆ ಅನ್ನುವ ಹಾಗೆ ಜೂನ್‌ನಲ್ಲಿ ಟ್ಯಾಂಕ್ ತಂದರೆ ಖಾಲಿ ಟ್ಯಾಂಕ್ ನೋಡಿಕೊಂಡು ಕೂರಬೇಕು, ಅಂಗಡಿಯಲ್ಲಿ ರೇಟೂ ಏರಿರುತ್ತದೆ.

ಕೂರಿಸುವಾಗ ಕೆಲವು ಸಂಗತಿ ನೋಡಿ. ಕಬ್ಬಿನ ಹೊಲ ಸುತ್ತ ಇದೆ ಅಂದಿರಿ. ಕಟಾವಿನ ಕಾಲದಲ್ಲಿ ಕಬ್ಬು ಸುಟ್ಟ ಕರಿ ತಗಡಿನ ಮೇಲೆ ಬಂದು ಕೂರುತ್ತದೆ, ಜೊತೆಗೆ ಹಕ್ಕಿ ಹಿಕ್ಕೆ. ಒಣ ಬಿಡುವಿನ ನಂತರದ ಮೊದಲ ಮಳೆಯ ನೀರು, ನಿಮ್ಮ ಛಾವಣಿಗೆ 50ರಿಂದ 100 ಲೀಟರ್, ಟ್ಯಾಂಕಿಗೆ ಬಿಡದೆ ಹೊರಗೆ ಹೋಗುವ ಪೈಪ್ ವ್ಯವಸ್ಥೆ ಮಾಡಿಸಿ. ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಬೇಕೇ ಬೇಕು. ಫಿಜಿಯಲ್ಲಿ ಡೆಂಗಿ ಇದೆ, ಮುಚ್ಚಳ ಇಲ್ಲದ ಟ್ಯಾಂಕ್ ಸೊಳ್ಳೆ ಸಾಕಿದ ಹಾಗೆ. ಕುಡಿಯುವ ನೀರು ಕುದಿಸಿ. ಚಂಡಮಾರುತದ ಎಚ್ಚರಿಕೆ ಬಂದಾಗ ಟ್ಯಾಂಕ್ ಖಾಲಿ ಇರಬಾರದು. 5,000 ಲೀಟರ್ ನೀರು ಐದು ಟನ್ ತೂಕ, ತುಂಬಿದ್ದರೆ ಕದಲುವುದು ಕಷ್ಟ. ಖಾಲಿ ಪ್ಲಾಸ್ಟಿಕ್ ಟ್ಯಾಂಕ್ ಗಾಳಿಗೆ ಹಾರಿ ಯಾರದೋ ಮನೆ ಮೇಲೆ ಬೀಳುತ್ತದೆ. ಗಾಳಿ ಶುರುವಾಗುವ ಮೊದಲು ಛಾವಣಿಯಿಂದ ಬರುವ ಪೈಪ್ ಕಳಚಿಡಿ, ಇಲ್ಲದಿದ್ದರೆ ಎಲೆ, ಮಣ್ಣು, ಉಪ್ಪು ನೀರಿನ ಸಿಂಪರಣೆ ಎಲ್ಲ ಒಳಗೆ ಹೋಗುತ್ತದೆ.

ತರಕಾರಿಗೆ ಈ ಟ್ಯಾಂಕ್ ನಂಬಬೇಡಿ. ಒಣ ಹವೆಯಲ್ಲಿ ಗಿಡಗಳಿಗೆ ದಿನಕ್ಕೆ ಸುಮಾರು 5 ಮಿ.ಮೀ. ನೀರು ಬೇಕು. 40 ಚದರ ಮೀಟರ್ ಪಾತಿ ಅಂದರೆ ದಿನಕ್ಕೆ 200 ಲೀಟರ್. ಮನೆ ಮಂದಿಯೆಲ್ಲ ಬಳಸುವುದರ ಎರಡರಷ್ಟು! ಅದಕ್ಕೆ ಪಾತ್ರೆ ತೊಳೆದ, ಬಟ್ಟೆ ಜಾಲಿಸಿದ ನೀರು ತಿರುಗಿಸಿ, ಬುಡಕ್ಕೆ ಕಬ್ಬಿನ ತರಗು ದಪ್ಪಗೆ ಹೊದಿಸಿ. ತರಗು ನಿಮಗೆ ಬಿಟ್ಟಿ ಸಿಗುತ್ತದೆ. ‘ಹಾಕಲೇ ಬೇಡ’ ಅನ್ನುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಎಲ್ಲ ಬೀಜ ಒಂದೇ ವಾರದಲ್ಲಿ ಹಾಕಬೇಡಿ, ಎರಡೆರಡು ವಾರ ಬಿಟ್ಟು ಸ್ವಲ್ಪ ಸ್ವಲ್ಪ ಹಾಕಿ. ಬೆಂಡೆ, ಅಲಸಂದೆ ಸ್ವಲ್ಪ ಒಣಹವೆ ತಡೆಯುತ್ತವೆ. ಕೆಸುವಿನ ಗಡ್ಡೆಗೆ ನೀರು ಜಾಸ್ತಿ ಬೇಕು, ಈ ಸಲ ಬಿಟ್ಟುಬಿಡಿ. ಮರಗೆಣಸು ಬರ ತಡೆಯುತ್ತದೆ, ಆದರೆ ಎತ್ತರದ ಗಿಡ, ದೊಡ್ಡ ಗಾಳಿಗೆ ಬೇರುಸಮೇತ ಬೀಳುತ್ತದೆ. ನಾನಾದರೆ ಒಂದು ಮೂಲೆಯಲ್ಲಿ ಸಿಹಿಗೆಣಸಿನ ಬಳ್ಳಿ ಹಬ್ಬಿಸುತ್ತಿದ್ದೆ. ನೆಲಕ್ಕೆ ಅಂಟಿಕೊಂಡಿರುತ್ತದೆ, ಒಣಹವೆಗೂ ಗಾಳಿಗೂ ಬಗ್ಗುವುದಿಲ್ಲ. ನೀರು ನಿಲ್ಲುವ ಜಾಗ ಮಾತ್ರ ಅದಕ್ಕಾಗದು.

ಕೊನೆಗೆ ಅಪ್ಪ ಅಮ್ಮನ ಪ್ರಯಾಣ. ಟಿಕೆಟ್ ಮಾಡಿಸಿಲ್ಲವಲ್ಲ, ಒಳ್ಳೆಯದಾಯಿತು. ಎಲ್ ನಿನೊ ಇರಲಿ, ಬಿಡಲಿ, ವಯಸ್ಸಾದವರನ್ನು ಕರೆಸಲು ಫೆಬ್ರವರಿ ಒಳ್ಳೆಯ ತಿಂಗಳಲ್ಲ. ಸೆಕೆ, ಸೊಳ್ಳೆ, ಚಂಡಮಾರುತ ಎಲ್ಲ ಆಗಲೇ. ನಾಂದಿ ಪೇಟೆ 2012ರಲ್ಲಿ ಜನವರಿಯಲ್ಲೊಮ್ಮೆ, ಮಾರ್ಚ್ ಕೊನೆಯಲ್ಲೊಮ್ಮೆ ಮುಳುಗಿತ್ತು. ಆ ಪ್ರವಾಹದ ನಂತರ ಇಲಿ ಜ್ವರ ಜೋರಾಗಿ ಹರಡಿತು. ಜೂನ್‌ನಿಂದ ಆಗಸ್ಟ್ ನೋಡಿ. ಒಣ ಹವೆ, ರಾತ್ರಿ ತಂಪು. ಆಗ ನೀರಿನ ಪೇಚು ಇದ್ದರೂ ತುಂಬಿದ ಟ್ಯಾಂಕ್ ಇರುತ್ತದೆ. ಫೆಬ್ರವರಿಯೇ ಆಗಬೇಕು ಅಂದರೆ ದಿನಾಂಕ ಬದಲಿಸಲು ಬರುವ ಟಿಕೆಟ್ ತೆಗೆಯಿರಿ. ಬಿಪಿ, ಶುಗರ್ ಮಾತ್ರೆ ಇದ್ದರೆ ವಾಪಸ್ ಹೊರಡುವ ದಿನಕ್ಕಿಂತ ಮೂರು ವಾರ ಜಾಸ್ತಿಗೆ ತರಲಿ. ವಿಮಾನ ರದ್ದಾದರೆ, ಔಷಧಿ ಅಂಗಡಿ ಮುಚ್ಚಿದರೆ ಬೇಕಾಗುತ್ತದೆ. 2009ರಲ್ಲಿ, 2012ರಲ್ಲಿ ನೀರು ನಿಮ್ಮ ಮನೆಯ ಯಾವ ಮೆಟ್ಟಿಲವರೆಗೆ ಬಂದಿತ್ತು ಎಂದು ಕಾಕಾ ಅವರನ್ನು ಈಗಲೇ ಕೇಳಿಟ್ಟುಕೊಳ್ಳಿ. ಮೆಟ್ಟಿಲು ದಾಟಿ ಬಂದಿತ್ತು ಅಂದರೆ ಅಪ್ಪ ಅಮ್ಮನನ್ನು ಮಳೆಗಾಲದಲ್ಲಿ ಆ ಮನೆಗೆ ಕರೆಸಲೇಬೇಡಿ.